ಗಟ್ಟಿ ಸಿಪ್ಪೆಯ ಬ್ರೆಡ್ ಮನೆಗೆ ಬಂದ ಮೇಲೂ ಗರಿಗರಿಯಾಗಿರಬೇಕಾದರೆ: ಕೊಳ್ಳುವ, ಎತ್ತಿಡುವ, ಕಾಯಿಸುವ ಕ್ರಮ ಮತ್ತು ಜೊತೆಗೆ ತಿನ್ನಬಹುದಾದದ್ದು

ಸಂಜೆ ಸೂಪರ್‌ಮಾರ್ಕೆಟ್‌ನ ಬೇಕರಿ ವಿಭಾಗದಲ್ಲಿ ಕೊಂಡಾಗ ಮುರಿದರೆ ಚಟಚಟನೆ ಸದ್ದು ಮಾಡುತ್ತಿದ್ದ ಬಗೆಟ್ (ಕೋಲಿನಂತೆ ಉದ್ದವಾದ ಫ್ರೆಂಚ್ ಬ್ರೆಡ್) ಮರುದಿನ ಬೆಳಿಗ್ಗೆ ತೊಗಲಿನಂತಾಗಿರುತ್ತದೆ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಐದು ನಿಮಿಷ ಕಳೆಯುವುದರೊಳಗೆ ಕೊರಡಾಗುತ್ತದೆ ಎಂಬ ದೂರನ್ನು ಬೆಂಗಳೂರಿನ ಪರಿಚಿತರಿಂದಲೂ ಹೊರದೇಶಗಳಲ್ಲಿರುವ ಬಂಧುಗಳಿಂದಲೂ ಪದೇ ಪದೇ ಕೇಳುತ್ತಿದ್ದೇನೆ. ಅಯ್ಯಂಗಾರ್ ಬೇಕರಿಯ ಮೆತ್ತನೆಯ ಬ್ರೆಡ್ಡಿಗೆ ರೂಢಿಯಾದ ನಮ್ಮ ಕೈ ಈ ಬ್ರೆಡ್ಡಿಗೂ ಅದೇ ಉಪಚಾರ ಮಾಡುತ್ತದೆ: ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತದೆ, ಫ್ರಿಜ್ಜಿನಲ್ಲಿಡುತ್ತದೆ. ಈ ಎರಡೂ ಗಟ್ಟಿ ಸಿಪ್ಪೆಯ ಬ್ರೆಡ್ಡಿಗೆ ಆಗಿಬರುವುದಿಲ್ಲ.

ಹಂತಗಳಿಗೆ ಹೋಗುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಬಗೆಟ್, ಸಾವರ್‌ಡೋ (ಹಿಟ್ಟನ್ನು ತಾನಾಗಿಯೇ ಹುಳಿ ಬರಿಸಿ ಮಾಡುವ ಬ್ರೆಡ್), ಚಬಾಟಾ (ದೊಡ್ಡ ರಂಧ್ರಗಳಿರುವ ಚಪ್ಪಟೆಯಾದ ಇಟಲಿಯ ಬ್ರೆಡ್) ಮುಂತಾದ ಬ್ರೆಡ್ಡುಗಳ ಒಳತಿರುಳಿನ ತೂಕದಲ್ಲಿ ಸುಮಾರು ಶೇಕಡಾ 40ರಷ್ಟು ನೀರಿರುತ್ತದೆ. ಓವನ್ನಿನಿಂದ ಆಗತಾನೇ ಇಳಿಸಿದ ಬ್ರೆಡ್ಡಿನ ಸಿಪ್ಪೆಯಲ್ಲಿ ನೀರು ಬಹಳ ಕಡಿಮೆ. ಹೊತ್ತು ಕಳೆದಂತೆ ತಿರುಳಿನ ನೀರು ಸಿಪ್ಪೆಯತ್ತ ಹರಿಯುತ್ತದೆ, ಮಳೆಗಾಲವಾದರೆ ಹೊರಗಿನ ತೇವವೂ ಸೇರಿಕೊಳ್ಳುತ್ತದೆ, ಮತ್ತು ಡಬ್ಬಿಯ ಮುಚ್ಚಳ ಹಾಕದೆ ಬಿಟ್ಟ ಹಪ್ಪಳದಂತೆ ಸಿಪ್ಪೆ ಮೆತ್ತಗಾಗುತ್ತದೆ. ಇದೇ ವೇಳೆಗೆ ತಿರುಳಿನಲ್ಲಿರುವ ಪಿಷ್ಟ ತಣ್ಣಗಾಗುತ್ತಾ ಬಿಗಿಯುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟ ಅನ್ನದ ಅಗುಳು ಬೆಳಿಗ್ಗೆ ಬಿರುಸಾಗಿರುವುದೂ, ಹಬೆಯಲ್ಲಿ ಬಿಸಿ ಮಾಡಿದರೆ ಮತ್ತೆ ಮೃದುವಾಗುವುದೂ ಇದೇ ಕಾರಣಕ್ಕೆ. ಸಿಪ್ಪೆಗೆ ಬೇಕಾದದ್ದು ಒಣ ಶಾಖ, ತಿರುಳಿಗೆ ಬೇಕಾದದ್ದು ಹಬೆ. ಮುಂದಿನ ಹಂತಗಳೆಲ್ಲ ಈ ಎರಡನ್ನು ಒಟ್ಟಿಗೆ ಒದಗಿಸುವುದಕ್ಕಾಗಿಯೇ ಇವೆ.

ಬೇಕಾದ ಸಲಕರಣೆಗಳು

ಗರಗಸದಂಥ ಹಲ್ಲಿರುವ, ಅಲಗು 20ರಿಂದ 25 ಸೆಂಟಿಮೀಟರ್ ಉದ್ದವಿರುವ ಬ್ರೆಡ್ ಚಾಕು ಬೇಕೇ ಬೇಕು. ತರಕಾರಿ ಚಾಕು ಎಷ್ಟೇ ಹರಿತವಾಗಿದ್ದರೂ ಸಿಪ್ಪೆಯ ಮೇಲೆ ಜಾರುತ್ತದೆ, ಕೈ ಕೊಯ್ಯುತ್ತದೆ, ಅಥವಾ ತಿರುಳನ್ನು ಅದುಮಿ ಚಪ್ಪಟೆ ಮಾಡುತ್ತದೆ. ಇದಲ್ಲದೆ ಮರದ ಹಲಗೆ, ಒಂದು ತೆಳುವಾದ ಹತ್ತಿಯ ಬಟ್ಟೆ, ಫ್ರೀಜರಿಗೆ ಹಾಕಲು ಜಿಪ್ ಇರುವ ಚೀಲಗಳು, ಮತ್ತು ಓಟಿಜಿ (ಮೇಲೂ ಕೆಳಗೂ ಬಿಸಿಯಾಗುವ ರಾಡುಗಳಿರುವ ಚಿಕ್ಕ ವಿದ್ಯುತ್ ಓವನ್), ಏರ್ ಫ್ರೈಯರ್, ದಪ್ಪ ತಳದ ಕಾವಲಿ ಈ ಮೂರರಲ್ಲಿ ಯಾವುದಾದರೊಂದು ಇದ್ದರೆ ಸಾಕು. ಬ್ರೆಡ್ ಇಡಲೆಂದೇ ಮಾರುವ ಅಲಂಕಾರದ ಡಬ್ಬಿಗಳಿಗೆ ಹಣ ಹಾಕಬೇಕಾಗಿಲ್ಲ.

ಹಂತ 1: ಅಂಗಡಿಯಲ್ಲಿ ಆರಿಸುವುದು

ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಹೊತ್ತಿನದು. ಅನೇಕ ಸೂಪರ್‌ಮಾರ್ಕೆಟ್‌ಗಳು ಹಿಟ್ಟನ್ನು ಅಲ್ಲೇ ನಾದುವುದಿಲ್ಲ. ಬೇರೆ ಕಡೆ ಅರ್ಧಂಬರ್ಧ ಬೇಯಿಸಿ ಹೆಪ್ಪುಗಟ್ಟಿಸಿದ ಬ್ರೆಡ್ಡನ್ನು ತರಿಸಿಕೊಂಡು, ಅಂಗಡಿಯ ಓವನ್ನಿನಲ್ಲಿ ಕಡೆಯ ಹತ್ತು-ಹದಿನೈದು ನಿಮಿಷ ಬೇಯಿಸಿ ಕೆಂಪಗೆ ಮಾಡುತ್ತವೆ. ಇದರಲ್ಲಿ ಮೋಸವೇನಿಲ್ಲ, ಬಿಸಿಯಿರುವಾಗ ರುಚಿಯೂ ಚೆನ್ನಾಗಿಯೇ ಇರುತ್ತದೆ. ಆದರೆ ಇಂಥ ಬ್ರೆಡ್ಡಿನ ಗರಿಗರಿತನ ಕೆಲವೇ ಗಂಟೆಗಳದು. ಹಾಗಾಗಿ ಕೌಂಟರಿನಲ್ಲಿರುವವರನ್ನು ಇವತ್ತಿನ ಬ್ರೆಡ್ ಓವನ್ನಿನಿಂದ ಯಾವಾಗ ಇಳಿಯಿತು ಎಂದು ಕೇಳಿ; ಬೆಳಿಗ್ಗೆ ಇಳಿದದ್ದನ್ನು ರಾತ್ರಿ ಕೊಳ್ಳುವುದಾದರೆ ಅದನ್ನು ಮತ್ತೆ ಕಾಯಿಸಲೇಬೇಕೆಂದು ತಿಳಿದೇ ಕೊಳ್ಳಿ.

ಬಣ್ಣ ನೋಡುವಾಗ ನಮ್ಮವರು ಸಾಮಾನ್ಯವಾಗಿ ತಿಳಿ ಹೊಂಬಣ್ಣದ್ದನ್ನು ಆರಿಸುತ್ತಾರೆ, ಗಾಢ ಕಂದು ಬಣ್ಣದ್ದನ್ನು ಸೀದಿದೆ ಎಂದು ಬಿಡುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧವಾದದ್ದು. ಚೆನ್ನಾಗಿ ಕಂದಿದ ಸಿಪ್ಪೆ ಹೆಚ್ಚು ಒಣಗಿರುತ್ತದೆ, ಹೆಚ್ಚು ಹೊತ್ತು ಗರಿಗರಿಯಾಗಿರುತ್ತದೆ, ಮತ್ತು ಈ ಬ್ರೆಡ್ಡಿನ ಪರಿಮಳದ ಬಹುಪಾಲು ಇರುವುದು ಆ ಕಂದಿನಲ್ಲಿಯೇ. ತಳಭಾಗವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಮಂದವಾದ ಸದ್ದು ಬಂದರೆ ಒಳಗೆ ಸರಿಯಾಗಿ ಬೆಂದಿಲ್ಲ ಅಥವಾ ಈಗಾಗಲೇ ತೇವ ಹಿಡಿದಿದೆ ಎಂದು ತಿಳಿಯಬಹುದು.

ಪೊಟ್ಟಣದ ಮೇಲೆ ಸಾಮಗ್ರಿಗಳ ಪಟ್ಟಿ ಇದ್ದರೆ ಅದನ್ನು ಓದಿ, ಏಕೆಂದರೆ ಅದರಲ್ಲಿ ಸಾಮಗ್ರಿಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಕೊಟ್ಟಿರುತ್ತಾರೆ. ಹೊರಗೆ ಗೋಧಿ ಎಂದೋ ಮಲ್ಟಿಗ್ರೇನ್ ಎಂದೋ ದೊಡ್ಡ ಅಕ್ಷರದಲ್ಲಿದ್ದು ಒಳಪಟ್ಟಿ ಮೈದಾದಿಂದ ಆರಂಭವಾದರೆ ನೀವು ಕೊಳ್ಳುತ್ತಿರುವುದು ಮೈದಾ ಬ್ರೆಡ್ಡನ್ನೇ. ಸಾವರ್‌ಡೋ ಎಂದು ಬರೆದಿದ್ದರೆ ಪಟ್ಟಿಯಲ್ಲಿ ಹಿಟ್ಟು, ನೀರು, ಉಪ್ಪು ಇಷ್ಟೇ ಇದ್ದರೆ ಒಳ್ಳೆಯದು. ಯೀಸ್ಟ್ ಮತ್ತು ವಿನೆಗರ್ ಕಂಡರೆ ಹುಳಿಯನ್ನು ಹೊರಗಿನಿಂದ ಸೇರಿಸಿರುವ ಸಾಧ್ಯತೆ ಹೆಚ್ಚು. ತಿನ್ನಲು ಅಡ್ಡಿಯಿಲ್ಲ, ಸಾವರ್‌ಡೋ ಬೆಲೆ ತೆರಲು ಮಾತ್ರ ಅಡ್ಡಿಯಿದೆ.

ಅಂಗಡಿಯವರು ಸ್ಲೈಸ್ ಮಾಡಿಕೊಡಲೇ ಎಂದು ಕೇಳಿದರೆ ಬೇಡವೆನ್ನಿ. ಹತ್ತಾರು ಕಡೆ ಕೊಯ್ದ ಬ್ರೆಡ್ಡಿನ ತಿರುಳು ಹತ್ತಾರು ಕಡೆಯಿಂದ ಒಣಗುತ್ತದೆ. ಪೂರ್ತಿ ಫ್ರೀಜರಿಗೇ ಹೋಗುವ ಬ್ರೆಡ್ಡಾದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಹಂತ 2: ಮನೆಗೆ ತರುವುದು

ಒಂದು ಜುಲೈ ಸಂಜೆ ಮಳೆಗೆ ಹೆದರಿ, ಇನ್ನೂ ಬಿಸಿಯಿದ್ದ ಬಗೆಟ್ಟಿನ ಕಾಗದದ ಚೀಲದ ಮೇಲೆ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಕಟ್ಟಿ ಸ್ಕೂಟರಿಗೆ ನೇತುಹಾಕಿಕೊಂಡು ಬಂದಿದ್ದೆ. ಮನೆಯಲ್ಲಿ ಬಿಚ್ಚಿದಾಗ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು, ಕಾಗದ ಬ್ರೆಡ್ಡಿಗೆ ಅಂಟಿಕೊಂಡಿತ್ತು, ಬೆರಳಿಟ್ಟರೆ ಸಿಪ್ಪೆ ನೆನೆದ ರಟ್ಟಿನಂತೆ ಒಳಗಿಳಿಯಿತು. ಇಷ್ಟಾಗಲು ಬೇಕಾದದ್ದು ಮುಕ್ಕಾಲು ಗಂಟೆ.

ಆದ್ದರಿಂದ ಬಿಸಿ ಬ್ರೆಡ್ಡನ್ನು ಕಾಗದದ ಚೀಲದಲ್ಲಿಯೇ, ಬಾಯಿ ತೆರೆದು ತನ್ನಿ. ಮಳೆಯಿದ್ದರೆ ಪ್ಲಾಸ್ಟಿಕ್ಕನ್ನು ಮೇಲಿನಿಂದ ಟೋಪಿಯಂತೆ ಸಡಿಲವಾಗಿ ಹೊದಿಸಿ, ಕೆಳಗೆ ಗಂಟು ಹಾಕಬೇಡಿ. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆದು, ಗಾಳಿ ತಳಕ್ಕೂ ತಾಗುವಂತೆ ತಂತಿಯ ಜಾಲರಿಯ ಮೇಲೋ ಹಣ್ಣಿನ ಬುಟ್ಟಿಯ ಅಂಚಿನ ಮೇಲೋ ಇಡಿ.

ಬಿಸಿಯಿರುವಾಗಲೇ ಕೊಯ್ಯುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಒಳಗಿನ ಹಬೆ ಇನ್ನೂ ನೆಲೆಗೊಂಡಿರದ ಕಾರಣ ತಿರುಳು ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ. ಬಗೆಟ್ಟಿಗೆ ಅರ್ಧ ಗಂಟೆ, ದೊಡ್ಡ ದುಂಡು ಬ್ರೆಡ್ಡಿಗೆ ಒಂದರಿಂದ ಎರಡು ಗಂಟೆ ಬಿಡುವು ಕೊಡಿ.

ಹಂತ 3: ತಿನ್ನುವ ಮೊದಲೇ ಪಾಲು ಮಾಡುವುದು

ಹೆಚ್ಚಿನವರು ತಪ್ಪುವುದು ಈ ಹಂತದಲ್ಲಿ. ಊಟವಾದ ಮೇಲೆ ಉಳಿದದ್ದನ್ನು ಎತ್ತಿಟ್ಟರಾಯಿತು ಎಂದುಕೊಳ್ಳುತ್ತಾರೆ. ಊಟ ಮುಗಿಯುವ ಹೊತ್ತಿಗೆ ಬ್ರೆಡ್ ನಾಲ್ಕು ಗಂಟೆ ಹಳೆಯದಾಗಿರುತ್ತದೆ, ಎತ್ತಿಡುವ ಕೆಲಸ ನಾಳೆಗೆ ಹೋಗುತ್ತದೆ. ಬ್ರೆಡ್ ಪೂರ್ತಿ ತಣಿದ ಕೂಡಲೇ, ಊಟಕ್ಕೆ ಕೂರುವ ಮೊದಲೇ, ಅದನ್ನು ಮೂರು ಪಾಲು ಮಾಡಿ.

ಈ ದಿನಕ್ಕೆ ಬೇಕಾದದ್ದನ್ನು ಕೊಯ್ದ ಮುಖ ಕೆಳಗಾಗುವಂತೆ ಮರದ ಹಲಗೆಯ ಮೇಲೆ ನಿಲ್ಲಿಸಿ, ಮೇಲೆ ಬಟ್ಟೆ ಹೊದಿಸಿ. ನಾಳೆಗೆ ಬೇಕಾದದ್ದನ್ನು ಬಟ್ಟೆಯಲ್ಲಿ ಸುತ್ತಿ ಕಾಗದದ ಚೀಲದಲ್ಲಿ ಹಾಕಿ ಅಡುಗೆಮನೆಯ ತಂಪಾದ, ಒಲೆಯಿಂದ ದೂರದ ಮೂಲೆಯಲ್ಲಿಡಿ. ಸಿಪ್ಪೆ ಮೆತ್ತಗಾಗುತ್ತದೆ, ಆಗಲಿ. ಅದನ್ನು ಮತ್ತೆ ಗರಿಗರಿ ಮಾಡಬಹುದು. ಅದಕ್ಕೂ ಮೀರಿದ್ದನ್ನು ಅದೇ ಸಂಜೆ ಫ್ರೀಜರಿಗೆ ಹಾಕಿ: ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟು ದೊಡ್ಡ ತುಂಡುಗಳಾಗಿ ಕೊಯ್ದು, ಜಿಪ್ ಚೀಲದೊಳಗಿನ ಗಾಳಿಯನ್ನು ಒತ್ತಿ ತೆಗೆದು, ಮೇಲೆ ತಾರೀಖು ಬರೆದಿಡಿ. ಒಂದು ತಿಂಗಳೊಳಗೆ ಬಳಸಿದರೆ ರುಚಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಮಾತ್ರ ಖಂಡಿತ ಹಾಕಬೇಡಿ. ಪಿಷ್ಟ ಬಿಗಿಯುವ ಕ್ರಿಯೆ ಅತಿ ವೇಗವಾಗಿ ನಡೆಯುವುದು ಫ್ರಿಜ್ಜಿನೊಳಗಿರುವಂಥ ಚಳಿಯಲ್ಲಿ, ಮತ್ತು ಅದು ಹೆಚ್ಚುಕಡಿಮೆ ನಿಂತೇ ಹೋಗುವುದು ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ. ಹೀಗಾಗಿ ಅಡುಗೆಮನೆಯ ಕಟ್ಟೆ ಸರಿ, ಫ್ರೀಜರ್ ಸರಿ, ನಡುವಿನ ಫ್ರಿಜ್ ಸರಿಯಲ್ಲ. ಮಂಗಳೂರು, ಕಾರವಾರದಂಥ ಸೆಕೆಯ ಊರುಗಳಲ್ಲಿ ಕಟ್ಟೆಯ ಮೇಲೆ ಒಂದು ರಾತ್ರಿ ಇಡುವುದೂ ಹೆಚ್ಚಾಯಿತು; ಅಲ್ಲಿ ಪಾಲು ಎರಡೇ, ಇವತ್ತಿನದು ಮತ್ತು ಫ್ರೀಜರಿನದು.

ಹಂತ 4: ಕೊಯ್ಯುವುದು

ಚಾಕುವನ್ನು ಒತ್ತದೆ, ಗರಗಸದಂತೆ ಹಿಂದೆ ಮುಂದೆ ಉದ್ದವಾಗಿ ಎಳೆಯಿರಿ. ಭಾರ ಹಾಕಿದಷ್ಟೂ ತಿರುಳು ಅದುಮಿಕೊಳ್ಳುತ್ತದೆ. ಮೇಲಿನ ಸಿಪ್ಪೆ ಬಹಳ ಗಟ್ಟಿಯಿದ್ದರೆ ಬ್ರೆಡ್ಡನ್ನು ಪಕ್ಕಕ್ಕೆ ಮಲಗಿಸಿ, ಸಿಪ್ಪೆ ತೆಳ್ಳಗಿರುವ ಬದಿಯಿಂದ ಆರಂಭಿಸಿ. ಬಗೆಟ್ಟನ್ನು ಓರೆಯಾಗಿ ಕೊಯ್ದರೆ ಹಚ್ಚಿಕೊಳ್ಳಲು ಅಗಲವಾದ ಮುಖ ಸಿಗುತ್ತದೆ. ಹಲ್ಲು ಸೂಕ್ಷ್ಮವಿರುವ ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಅರ್ಧ ಸೆಂಟಿಮೀಟರ್‌ನಷ್ಟು ತೆಳ್ಳಗೆ ಕೊಯ್ದು ಕೊಡಿ, ಇಲ್ಲವಾದರೆ ಅಂಗಳು ಗೀರಿ ಎರಡು ದಿನ ಉರಿಯುತ್ತದೆ.

ಹಂತ 5: ಗರಿಗರಿಯನ್ನು ಮರಳಿಸುವುದು

ಮೆತ್ತಗಾದ ಬ್ರೆಡ್ಡನ್ನು ನೇರವಾಗಿ ಬಿಸಿ ಮಾಡಿದರೆ ಒಳಗೆ ಉಳಿದಿರುವ ನೀರೂ ಹಾರಿ ರಸ್ಕ್ ಆಗುತ್ತದೆ. ಆದ್ದರಿಂದ ಮೊದಲು ಒದ್ದೆ ಮಾಡಬೇಕು. ಗರಿಗರಿಯಾಗಲು ನೀರು ಹಾಕಬೇಕೆಂದರೆ ಯಾರೂ ನಂಬುವುದಿಲ್ಲ, ಆದರೆ ಈ ಹಂತದ ಗುಟ್ಟೆಲ್ಲ ಅಲ್ಲಿಯೇ ಇದೆ. ಸಿಪ್ಪೆಯ ಮೇಲಿನ ನೀರು ಮೊದಲು ಹಬೆಯಾಗಿ ತಿರುಳನ್ನು ಕಾಯಿಸಲು ನೆರವಾಗುತ್ತದೆ; ತಿರುಳು ಸುಮಾರು 60 ಡಿಗ್ರಿ ದಾಟಿದಾಗ ಬಿಗಿದ ಪಿಷ್ಟ ಸಡಿಲವಾಗುತ್ತದೆ; ಮೇಲಿನ ನೀರು ಮುಗಿದ ಬಳಿಕ ಸಿಪ್ಪೆ ಒಣಗಿ ಗರಿಯಾಗುತ್ತದೆ.

ಓಟಿಜಿ ಇರುವವರು ಎರಡೂ ರಾಡುಗಳನ್ನು ಹಾಕಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಮೊದಲೇ ಕಾಯಿಸಿ. ಬ್ರೆಡ್ಡಿನ ಸಿಪ್ಪೆಯ ಭಾಗವನ್ನು ಮಾತ್ರ ನಲ್ಲಿಯ ಕೆಳಗೆ ಕ್ಷಣಕಾಲ ಹಿಡಿಯಿರಿ, ಅಥವಾ ಒದ್ದೆ ಕೈಯಿಂದ ಎರಡು ಬಾರಿ ಸವರಿ. ಕೊಯ್ದ ಮುಖಕ್ಕೆ ನೀರು ತಾಗಬಾರದು. ನಡುವಿನ ಜಾಲರಿಯ ಮೇಲೆ ಬಗೆಟ್ ತುಂಡಾದರೆ ಐದಾರು ನಿಮಿಷ, ಅರ್ಧ ಸಾವರ್‌ಡೋ ಆದರೆ ಹತ್ತರಿಂದ ಹನ್ನೆರಡು ನಿಮಿಷ ಇಡಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡು ಬ್ರೆಡ್ಡಿಗೆ ತೀರ ಹತ್ತಿರವಾಗುವುದರಿಂದ ನೆತ್ತಿ ಸೀಯುವ ಸೂಚನೆ ಕಂಡರೆ ಜಾಲರಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ. ಹೊರತೆಗೆದ ಮೇಲೆ ಐದು ನಿಮಿಷ ಬಿಡಿ: ಬಿಸಿಯಲ್ಲಿ ಸಿಪ್ಪೆ ಇನ್ನೂ ಬಾಗುತ್ತಿರುತ್ತದೆ, ತಣಿಯುತ್ತಾ ಗರಿಯಾಗುತ್ತದೆ, ಕಿವಿಯಿಟ್ಟರೆ ಸಣ್ಣಗೆ ಚಿಟಿಚಿಟಿ ಎನ್ನುವುದು ಕೇಳಿಸುತ್ತದೆ.

ಏರ್ ಫ್ರೈಯರಿನಲ್ಲಿ ಗಾಳಿಯ ಬಿರುಸು ಹೆಚ್ಚು. 170 ಡಿಗ್ರಿಯಲ್ಲಿ ಮೂರರಿಂದ ಐದು ನಿಮಿಷ ಸಾಕು.

ಎರಡೂ ಇಲ್ಲದ ಮನೆಯಲ್ಲಿ ದೋಸೆಯ ಕಬ್ಬಿಣದ ಕಾವಲಿಯೇ ಗತಿ, ಮತ್ತು ಅದು ಕೆಟ್ಟ ಗತಿಯೇನಲ್ಲ. ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ, ಬೆರಳ ದಪ್ಪದ ತುಂಡುಗಳನ್ನು ಹರಡಿ, ಕಾವಲಿಯ ಅಂಚಿಗೆ ಅರ್ಧ ಚಮಚ ನೀರು ಚಿಮುಕಿಸಿ ಕೂಡಲೇ ಮುಚ್ಚಿ. ಒಂದು ನಿಮಿಷದ ಮೇಲೆ ಮುಚ್ಚಳ ತೆಗೆದು ಎರಡೂ ಬದಿ ತಲಾ ಎರಡು ನಿಮಿಷ ಒಣಗಿಸಿ. ಹಿಂದಿನ ದಿನದ ಈರುಳ್ಳಿ ದೋಸೆಯ ವಾಸನೆ ಕಾವಲಿಯಲ್ಲಿ ಉಳಿದಿಲ್ಲವೆಂದು ಮೊದಲೇ ನೋಡಿಕೊಳ್ಳಿ, ಬ್ರೆಡ್ ಅದನ್ನು ಹೀರಿಕೊಳ್ಳುತ್ತದೆ.

ಫ್ರೀಜರಿನಿಂದ ತೆಗೆದ ಸ್ಲೈಸುಗಳನ್ನು ಹಾಗೆಯೇ ಟೋಸ್ಟರಿಗೆ ಹಾಕಬಹುದು. ದೊಡ್ಡ ತುಂಡನ್ನು ಮಾತ್ರ ಚೀಲದಲ್ಲಿಯೇ ಎರಡು ಮೂರು ಗಂಟೆ ಹೊರಗಿಟ್ಟು, ಹೆಪ್ಪು ಕರಗಿದ ಮೇಲೆ ಓವನ್ನಿಗಿಡಿ. ಹಾಗೆ ಮಾಡದಿದ್ದರೆ ಹೊರಗೆ ಸೀದು ಒಳಗೆ ತಣ್ಣಗೆ ಉಳಿಯುತ್ತದೆ. ಮೈಕ್ರೋವೇವ್ ಈ ಕೆಲಸಕ್ಕೆ ಬಾರದು, ಏಕೆಂದರೆ ಅದು ತಿರುಳಿನ ನೀರನ್ನು ಹಬೆಯಾಗಿಸಿ ಸಿಪ್ಪೆಗೆ ತಳ್ಳುತ್ತದೆಯೇ ಹೊರತು ಸಿಪ್ಪೆಯನ್ನು ಒಣಗಿಸುವುದಿಲ್ಲ. ಇನ್ನೊಂದು ಎಚ್ಚರಿಕೆ: ಮರಳಿ ಕಾಯಿಸುವುದು ಒಂದೇ ಬಾರಿ. ಎರಡನೆಯ ಬಾರಿಗೆ ತಿರುಳಿನಲ್ಲಿ ನೀರೇ ಉಳಿದಿರುವುದಿಲ್ಲ, ಆದ್ದರಿಂದ ಆ ಹೊತ್ತಿಗೆ ತಿನ್ನುವಷ್ಟನ್ನು ಮಾತ್ರ ಕಾಯಿಸಿ.

ಹಂತ 6: ಜೊತೆಗೆ ಏನು, ಯಾವ ಕ್ರಮದಲ್ಲಿ

ಇಷ್ಟು ಶ್ರಮಪಟ್ಟು ಗರಿಗರಿ ಮಾಡಿದ ಬ್ರೆಡ್ಡಿನ ಮೇಲೆ ನೀರಾದ ಚಟ್ನಿಯನ್ನು ಸುರಿದರೆ ಎರಡು ನಿಮಿಷದಲ್ಲಿ ಮೊದಲಿನ ಸ್ಥಿತಿಗೇ ಬರುತ್ತದೆ. ಕ್ರಮ ಹೀಗಿರಲಿ: ಮೊದಲು ಜಿಡ್ಡು, ಅದರ ಮೇಲೆ ರಸವಿರುವ ಪದಾರ್ಥ, ಕೊನೆಗೆ ಉಪ್ಪು. ಬೆಣ್ಣೆ, ತುಪ್ಪ ಅಥವಾ ಎಣ್ಣೆಯ ಪದರ ತಿರುಳಿನ ರಂಧ್ರಗಳನ್ನು ಮುಚ್ಚಿ, ಜಾಮ್ ಅಥವಾ ಟೊಮೆಟೊದ ನೀರು ಬೇಗನೆ ಇಳಿಯದಂತೆ ತಡೆಯುತ್ತದೆ.

ಬೆಣ್ಣೆಯನ್ನು ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಡಿ. ಗಟ್ಟಿ ಬೆಣ್ಣೆ ಉಜ್ಜಿದರೆ ತಿರುಳು ಕಿತ್ತುಬರುತ್ತದೆ. ನನಗೆ ಪೊಟ್ಟಣದ ಉಪ್ಪು ಬೆಣ್ಣೆಗಿಂತ ಹಾಲಿನವರ ಬಿಳಿ ಬೆಣ್ಣೆಯೇ ಸಾವರ್‌ಡೋಗೆ ಹೆಚ್ಚು ಹೊಂದುವಂತೆ ಕಾಣುತ್ತದೆ, ಏಕೆಂದರೆ ಎರಡರಲ್ಲಿಯೂ ಎಳೆಹುಳಿ ಇದೆ. ಮೇಲೆ ಚಿಟಿಕೆ ಕಲ್ಲುಪ್ಪನ್ನು ಪುಡಿ ಮಾಡಿ ಉದುರಿಸಿದರೆ ಮುಗಿಯಿತು. ಇದರ ಮೇಲೆಯೇ ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳು ಚಟ್ನಿಪುಡಿಯನ್ನು ತೆಳ್ಳಗೆ ಹರಡಬಹುದು. ಪುಡಿಯಾದ್ದರಿಂದ ಸಿಪ್ಪೆಗೆ ತೊಂದರೆಯಿಲ್ಲ.

ಟೊಮೆಟೊ ಬ್ರೆಡ್ ಸ್ಪೇನಿನ ಕ್ಯಾಟಲೋನಿಯಾದಲ್ಲಿ ದಿನನಿತ್ಯದ ತಿನಿಸು, ಮತ್ತು ನಮ್ಮ ನಾಟಿ ಟೊಮೆಟೊ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬ್ರೆಡ್ಡಿನ ಕೊಯ್ದ ಮುಖವನ್ನು ಚೆನ್ನಾಗಿ ಕೆಂಪಗೆ ಕಾಯಿಸಿ, ಸಿಪ್ಪೆ ಸುಲಿದು ಅರ್ಧ ಮಾಡಿದ ಬೆಳ್ಳುಳ್ಳಿ ಎಸಳನ್ನು ಅದರ ಮೇಲೆ ಉಜ್ಜಿ. ಒರಟಾದ ಬ್ರೆಡ್ಡೇ ತುರಿಮಣೆಯಂತೆ ಕೆಲಸ ಮಾಡಿ ಎಸಳು ಬೆರಳಿನಡಿಯಲ್ಲಿ ಸವೆಯುತ್ತಾ ಹೋಗುತ್ತದೆ. ಎರಡು ಸಲ ಎಳೆದರೆ ಸಾಕು, ನಾಲ್ಕು ಸಲ ಎಳೆದರೆ ಬಾಯಿ ಉರಿಯುತ್ತದೆ. ಅನಂತರ ಅಡ್ಡವಾಗಿ ಕೊಯ್ದ ಟೊಮೆಟೊವನ್ನು ತುರಿಮಣೆಯ ಮೇಲೆ ಅಂಗೈಯಿಂದ ಒತ್ತಿ ತುರಿಯಿರಿ. ತಿರುಳು ಕೆಳಗಿಳಿದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ತುರಿಯನ್ನು ಜರಡಿಯಲ್ಲಿ ಐದು ನಿಮಿಷ ಇಟ್ಟು ನೀರು ಬಸಿಯಿರಿ (ಆ ನೀರು ಸಾರಿಗೆ ಹೋಗಲಿ). ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ, ಅದರ ಮೇಲೆ ಟೊಮೆಟೊ, ಕಡೆಗೆ ಉಪ್ಪು ಹಾಕಿ ಕೂಡಲೇ ತಿನ್ನಿ.

ಬೆಣ್ಣೆಹಣ್ಣು, ಅಂದರೆ ಅವಕಾಡೊ, ತಾನೇ ಜಿಡ್ಡಾದ್ದರಿಂದ ಕೆಳಗೆ ಬೇರೇನೂ ಬೇಕಿಲ್ಲ. ನಿಂಬೆರಸ, ಕಾಳುಮೆಣಸು, ಬೇಯಿಸಿದ ಮೊಟ್ಟೆ ಸೇರಿದರೆ ಬೆಳಗಿನ ಊಟವೇ ಆಗುತ್ತದೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗುಹಾಕಿದರೆ ಕ್ರೀಮ್ ಚೀಸಿಗೆ ಬದಲಿ ಸಿದ್ಧ. ಚೆಡ್ಡಾರ್‌ನಂಥ ಚೀಸನ್ನೂ ಅರ್ಧ ಗಂಟೆ ಮೊದಲು ಹೊರಗಿಡಿ, ತಣ್ಣಗಿರುವ ಚೀಸಿಗೆ ಮೇಣದ ರುಚಿ.

ಅದ್ದಿ ತಿನ್ನುವುದಾದರೆ ದ್ರವ ಮಂದವಾಗಿರಬೇಕು. ತಿಳಿಸಾರಿನಲ್ಲಿ ಅದ್ದಿದರೆ ತಿರುಳು ಕರಗಿ ಬಟ್ಟಲಲ್ಲಿಯೇ ಉಳಿಯುತ್ತದೆ; ಬೆಳ್ಳುಳ್ಳಿ ಒಗ್ಗರಣೆಯ ಹೆಸರುಬೇಳೆ ತೊವ್ವೆ, ಕೂಟು, ಗಟ್ಟಿ ಟೊಮೆಟೊ ಸೂಪ್, ತೆಂಗಿನಕಾಯಿ ಮಸಾಲೆಯ ಗಸಿ ಇವು ಸಿಪ್ಪೆಯನ್ನು ಹಿಡಿದುಕೊಳ್ಳುತ್ತವೆ. ಕೋರಿ ರೊಟ್ಟಿ ತಿಂದು ಬೆಳೆದ ಕರಾವಳಿಯವರಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ: ರೊಟ್ಟಿ ಪೂರ್ತಿ ನೆನೆಯಲೂಬಾರದು, ಪೂರ್ತಿ ಒಣಗಿರಲೂಬಾರದು. ಚಬಾಟಾದ ದೊಡ್ಡ ರಂಧ್ರಗಳು ಗಸಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಆದರೆ ಜಾಮ್ ಆ ರಂಧ್ರಗಳ ಮೂಲಕ ಸೀದಾ ಮಡಿಲಿಗೆ ಇಳಿಯುತ್ತದೆ, ಅದಕ್ಕೆ ಬಗೆಟ್ ಲೇಸು.

ಹಂತ 7: ಒಣಗಿದ್ದಕ್ಕೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ

ಒಣಗಿ ಕೊರಡಾದ ಬ್ರೆಡ್ ಕೆಟ್ಟಿದ್ದಲ್ಲ. ಅದನ್ನು ಮುರಿದು ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿಟ್ಟರೆ ಕಟ್ಲೆಟ್ಟಿಗೆ ಆಗುತ್ತದೆ. ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಟ್ಟ ತುಂಡುಗಳಿಂದ ಒಗ್ಗರಣೆ ಬ್ರೆಡ್ ಉಪ್ಪಿಟ್ಟು ಮಾಡಿದರೆ, ಮೆತ್ತನೆಯ ಬ್ರೆಡ್ಡಿನದ್ದಕ್ಕಿಂತ ಬಿಡಿಬಿಡಿಯಾಗಿ ಬರುತ್ತದೆ.

ಬೂಷ್ಟು ಬೇರೆ ವಿಷಯ. ಹಸಿರು, ಬಿಳಿ ಅಥವಾ ಕಪ್ಪು ಚುಕ್ಕೆ ಒಂದೇ ಒಂದು ಕಂಡರೂ ಆ ಭಾಗವನ್ನು ಮಾತ್ರ ಕೊಯ್ದೆಸೆದು ಉಳಿದದ್ದನ್ನು ತಿನ್ನಬಾರದು, ಏಕೆಂದರೆ ರಂಧ್ರಮಯವಾದ ತಿರುಳಿನೊಳಗೆ ಅದು ಕಣ್ಣಿಗೆ ಕಾಣದಂತೆ ಹರಡಿರುತ್ತದೆ. ಮೂಸಿ ನೋಡಲೂ ಹೋಗದೆ ಇಡೀ ಬ್ರೆಡ್ಡನ್ನು ಎಸೆಯಿರಿ, ಅದನ್ನಿಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಸೆಕೆಗಾಲದಲ್ಲಿ ಇನ್ನೊಂದು ಲಕ್ಷಣದ ಮೇಲೆ ಕಣ್ಣಿರಲಿ. ಹೊರಗೆ ಏನೂ ಕಾಣದಿದ್ದರೂ ಬ್ರೆಡ್ಡಿನಿಂದ ಕಳಿತ ಅನಾನಸ್ ಅಥವಾ ಕರಬೂಜದಂಥ ಸಿಹಿ ವಾಸನೆ ಬಂದು, ತಿರುಳನ್ನು ಎಳೆದರೆ ಜೇಡರ ಬಲೆಯಂಥ ಎಳೆಗಳು ಬರುತ್ತಿದ್ದರೆ, ಹಿಟ್ಟಿನ ಜೊತೆ ಬಂದು ಓವನ್ನಿನ ಶಾಖಕ್ಕೂ ಸಾಯದೆ ಉಳಿದ ಬ್ಯಾಕ್ಟೀರಿಯಾ ಒಳಗೆ ಬೆಳೆದಿದೆ ಎಂದರ್ಥ. ಎಷ್ಟು ಕಾಯಿಸಿದರೂ ಅಂಥ ಬ್ರೆಡ್ ಸರಿಹೋಗುವುದಿಲ್ಲ. ಅದನ್ನು ಚೀಲದಲ್ಲಿ ಕಟ್ಟಿ ಹೊರಹಾಕಿ, ಹಲಗೆ ಮತ್ತು ಚಾಕುವನ್ನು ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ, ಒಣಗಿದ ಮೇಲೆಯೇ ಮುಂದಿನ ಬ್ರೆಡ್ಡನ್ನು ಅದರ ಮೇಲಿಡಿ.